ಒಸಡು ಬಣ್ಣದ ದೀಪ

ಆಲೂಗಡ್ಡೆ ಬೇಯಲು ಹಾಕೋಣವೆಂದು ಕುಕ್ಕರಿನ ಮುಚ್ಚಳ ತೆಗೆದವಳ ಕೈ ಹಾಗೇ ನಿಂತಿತು. ಒಳಗೆ ಆಗಲೇ ಯಾರೋ ಏನನ್ನೋ ಬೇಯಿಸಿಟ್ಟಿದ್ದರು.

ಬೆಳಗಿನ ಆ ಹೊತ್ತಿನಲ್ಲಿ ಅವಳ ಅಡುಗೆಮನೆಯಲ್ಲಿ ಯಾವುದಕ್ಕೂ ನಿಲ್ಲಲು ಪುರುಸೊತ್ತಿರುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕುವ ಹವಣಿಕೆಯಲ್ಲಿತ್ತು. ಮಗಳ ಊಟದ ಡಬ್ಬಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಮಗಳು ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಾ ಮನೆಯೆಲ್ಲ ಸುತ್ತುತ್ತಿದ್ದಳು. ನಡೆಯಲು ಕಲಿತ ದಿನದಿಂದ ಹೀಗೇ ಸುತ್ತುವವಳಾದ್ದರಿಂದ ಎಲ್ಲರೂ ಅವಳನ್ನು ಕರೆಯುವುದೇ ಬುಗುರಿ ಎಂದು. ಇಷ್ಟರ ನಡುವೆ ಕುಕ್ಕರಿನೊಳಗೆ ಬಿಸಿನೀರು, ನೀರಿನಲ್ಲಿ ಅವಳದೇ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ತಂತಿ ಸುತ್ತಿ ಬಿಗಿದ ಬಿಳಿ ಪ್ಲಾಸ್ಟರಿನ ಅಚ್ಚು. ಅಚ್ಚಿನ ಸಂದಿಯಿಂದ ಗುಲಾಬಿ ಬಣ್ಣದ್ದೇನೋ ಹೊರಗೆ ಉಕ್ಕಿ ಗಟ್ಟಿಯಾಗಿತ್ತು. ಆ ಬಣ್ಣವನ್ನು ಅವಳು ಮದುವೆಯಾದಾಗಿನಿಂದ ನೋಡಿಕೊಂಡು ಬಂದಿದ್ದಾಳೆ. ಅದು ಒಸಡಿನ ಬಣ್ಣ.

"ರೀ!"

ತಲೆಗೆ ಸೋಪು ಹಚ್ಚಿಕೊಂಡಿದ್ದ ಗಂಡ ಹಾಗೇ ಟವೆಲ್ ಸುತ್ತಿಕೊಂಡು ಓಡಿಬಂದ. "ಮುಟ್ಬೇಡ, ಮುಟ್ಬೇಡ! ಇನ್ನೂ ಆರಿಲ್ಲ ಅದು."

"ನನ್ನ ಕುಕ್ಕರಲ್ಲಿ ಯಾರ ಹಲ್ಲು ಬೇಯಿಸಿದ್ರಿ?"

"ಹಲ್ಲಲ್ಲ ಕಣೇ. ಟೇಲ್ ಲೈಟು."

ಹಿಂದೆ ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು.

ಗಂಡ ಹಲ್ಲು ಕಟ್ಟುವವನು. ಡಾಕ್ಟರಲ್ಲ, ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅವನ ಕೆಲಸ. ಆ ಕಡೆಯ ಅರ್ಧ ಮುದುಕರು ಅವನು ಮಾಡಿದ ಹಲ್ಲಿನಲ್ಲೇ ಅಗಿಯುತ್ತಾರೆ, ಅವನು ಮಾಡಿದ ಹಲ್ಲಿನಲ್ಲೇ ಸೊಸೆಯಂದಿರನ್ನು ಬೈಯುತ್ತಾರೆ. ಆ ಪೈಕಿ ಮೊದಲ ಸೆಟ್ಟು ಅವನ ತಾಯಿಯದು. ಇಂಥವನ ಕಣ್ಣಿಗೆ ಮುರಿದ ವಸ್ತು ಬಿದ್ದರೆ ಮುಗಿಯಿತು, ಅದನ್ನು ಸರಿಮಾಡುವವರೆಗೆ ಅನ್ನ ಸೇರುವುದಿಲ್ಲ. ಕೊಡೆಯ ಹಿಡಿ, ಬಕೆಟ್ಟಿನ ಕಿವಿ, ಬುಗುರಿಯ ಗೊಂಬೆಯ ಮೊಣಕೈ, ಮನೆಯಲ್ಲಿ ಎಲ್ಲಕ್ಕೂ ಒಸಡಿಗೆ ಬಳಸುವ ರೆಸಿನ್ನಿನ ಗುಲಾಬಿ ತೇಪೆಯೇ.

ಈಗ ಮುರಿದಿದ್ದದ್ದು ಕಾರಿನ ಹಿಂದಿನ ಎಡಗಡೆ ದೀಪದ ಕೆಂಪು ಲೆನ್ಸು. ಮುರಿದವಳು ಅವಳೇ. ಹಿಂದಿನ ವಾರ ರಿವರ್ಸ್ ಅಭ್ಯಾಸ ಮಾಡುವಾಗ, ಗೇಟಿನ ಕಂಬ ಇದ್ದಲ್ಲಿಯೇ ನಿಂತಿದ್ದರೂ, ಅವಳೇ ಹೋಗಿ ಅದನ್ನು ಮಾತನಾಡಿಸಿ ಬಂದಿದ್ದಳು. ಕಾರು ಎಷ್ಟು ಹಳೆಯದೆಂದರೆ ಅದನ್ನು ಮಾಡಿದ ಕಂಪನಿಯೇ ಈಗ ಇಲ್ಲ. ಗುಜರಿಯವನು ಒಡೆದ ಚೂರುಗಳನ್ನು ಕೈಯಲ್ಲಿ ಹಿಡಿದು, "ಇದು ಬೇಕಂದ್ರೆ ನೀವು ಮ್ಯೂಸಿಯಂನಲ್ಲಿ ಕೇಳ್ಬೇಕು ಸಾರ್" ಎಂದು ನಕ್ಕಿದ್ದ. ಗಂಡ ಆ ನಗುವನ್ನು ಸವಾಲು ಎಂದುಕೊಂಡು ಮನೆಗೆ ತಂದಿದ್ದ. ಪುಣ್ಯಕ್ಕೆ ಆ ಕಾರಿಗೆ ಎಡ, ಬಲ ಎರಡೂ ಕಡೆ ಒಂದೇ ಆಕಾರದ ಲೆನ್ಸು. ಬಲಗಡೆಯದನ್ನು ಬಿಚ್ಚಿ, ರೋಗಿಗಳ ಬಾಯಿಯ ಅಳತೆ ತೆಗೆಯುವ ಹಾಗೆಯೇ ಅದರ ಅಚ್ಚು ತೆಗೆದಿದ್ದ.

ಇದರಲ್ಲಿ ಅಷ್ಟು ಅವಸರ ಏಕೆಂದರೆ ಸೋಮವಾರ ಅವಳಿಗೆ ಡ್ರೈವಿಂಗ್ ಟೆಸ್ಟ್. ಹಿಂದಿನ ದೀಪ ಒಡೆದ ಗಾಡಿಯನ್ನು ಟೆಸ್ಟ್ ಮೈದಾನದ ಒಳಗೇ ಬಿಡುವುದಿಲ್ಲ. ಸೋಮವಾರ ಲೈಸೆನ್ಸ್ ಕೈಗೆ ಬರದಿದ್ದರೆ ಅವಳ ಹೊಸ ಕೆಲಸ ಬೇರೆಯವರ ಪಾಲು. ಅವಳು ಇಷ್ಟು ದಿನ ಮನೆಯ ಹೊಲಿಗೆ ಮಿಷನ್ನಿನ ಮುಂದೆ ಕೂತು ಕರ್ಟನ್ ಹೊಲಿದವಳು. ಕರ್ಟನ್ ಅಂಗಡಿಯಾಕೆ, "ನೀವೇ ಮನೆಮನೆಗೆ ಹೋಗಿ ಕಿಟಕಿ ಅಳತೆ ತೆಗೆದು, ಕರ್ಟನ್ ತೂಗುಹಾಕಿ ಬನ್ನಿ, ನಿಮ್ಮ ಕೈ ಚೊಕ್ಕ" ಎಂದಿದ್ದಳು. ಆದರೆ ಆಳೆತ್ತರದ ರಾಡುಗಳನ್ನೂ ಬಟ್ಟೆಯ ಸುರುಳಿಗಳನ್ನೂ ಹೊತ್ತು ಬಸ್ಸು ಹತ್ತಲಾಗುವುದಿಲ್ಲವಲ್ಲ. "ಅದಕ್ಕೇನಂತೆ, ಲೈಸೆನ್ಸ್ ತಾನೇ?" ಎಂದು ಅವಳು ಅಂಗಡಿಯಲ್ಲಿ ಎಲ್ಲರೆದುರು ಸೆರಗು ಕೊಡವಿ ಬಂದಿದ್ದಳು.

ಅವಳು ಹಾಗೆ ಹೇಳಿದರೆ ನಂಬದವರಿಲ್ಲ. ಮನೆಯಲ್ಲಿ ಜಿರಲೆ ಹೊಡೆಯುವವಳು ಅವಳು, ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವವಳು ಅವಳು, ಬಾಡಿಗೆ ಮನೆಯ ಯಜಮಾನನ ಬಾಯಿ ಮುಚ್ಚಿಸುವವಳು ಅವಳು. ಗಂಡನೋ ಬೆರಳಿಗೆ ಸೂಜಿ ಚುಚ್ಚಿದರೆ ಗೋಡೆ ಹಿಡಿದು ಕೂರುವವನು. "ನನ್ನ ಸೊಸೆ ಗಟ್ಟಿಗಿತ್ತಿ" ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು.

ಆದರೆ ಆ ಗಟ್ಟಿಗಿತ್ತಿಗೆ ಕಾರೆಂದರೆ ಜೀವಭಯ. ಸ್ಟೀರಿಂಗ್ ಹಿಡಿದ ಕೂಡಲೇ ಅಂಗೈ ಬೆವರಿ, ಕಿವಿಯೊಳಗೆ ಜೇನುಗೂಡು ಎದ್ದಂತಾಗುತ್ತಿತ್ತು. ಇದನ್ನು ಯಾರಿಗೆಂದು ಹೇಳುವುದು? ಮೊದಲ ಸಲ ಟೆಸ್ಟಿಗೆ ಹೋದಾಗ ಸರದಿ ಬರುವ ಮೊದಲೇ, "ಸೀಟು ತಗ್ಗು ರೀ, ಮುಂದೆ ಏನೂ ಕಾಣಿಸ್ತಿಲ್ಲ" ಎಂದು ವಾಪಸು ಬಂದಿದ್ದಳು. ಗಂಡ ಸೀಟು ಎತ್ತರಿಸಿದ. ಕನ್ನಡಿ ಅಲುಗುತ್ತದೆ ಎಂದಳು. ಗುಲಾಬಿ ತೇಪೆ ಹಾಕಿ ಕೂರಿಸಿದ. ಕ್ಲಚ್ಚು ಗಟ್ಟಿ ಎಂದಳು. ಕೇಬಲ್ಲಿಗೆ ಎಣ್ಣೆ ಬಿಟ್ಟು ಬೆಣ್ಣೆಯಂತೆ ಮಾಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಾರಲ್ಲ, ಅವಳ ಪಾಡು ಅದಕ್ಕಿಂತ ಕಷ್ಟದ್ದು. ಅವಳು ಡೊಂಕು ಎಂದ ನೆಲವನ್ನೆಲ್ಲ ಗಂಡ ಮರುದಿನವೇ ಸಮ ಮಾಡಿ ಕೊಡುತ್ತಿದ್ದ.

ಲೆನ್ಸು ಒಡೆದದ್ದು ಮಾತ್ರ ಬೇಕೆಂದು ಮಾಡಿದ್ದಲ್ಲ. ಆದರೆ ಚೂರುಗಳನ್ನು ಆರಿಸುವಾಗ ಅವಳ ಎದೆ ಹಗುರಾಗಿದ್ದು ನಿಜ. ಮ್ಯೂಸಿಯಂನಲ್ಲೂ ಸಿಗದ ವಸ್ತುವನ್ನು ಈ ಮನುಷ್ಯ ಎಲ್ಲಿಂದ ತರುತ್ತಾನೆ ಎಂದುಕೊಂಡಿದ್ದಳು. ಅವಳದೇ ಕುಕ್ಕರಿನಿಂದ ತರುತ್ತಾನೆಂದು ಯಾರಿಗೆ ಗೊತ್ತಿತ್ತು?

ಗಂಡ ತಲೆಗೆ ನೀರು ಹೊಯ್ದುಕೊಂಡು, ಬಟ್ಟೆ ಹಾಕಿಕೊಂಡು ಬಂದು, ಅಚ್ಚನ್ನು ಊಟದ ಮೇಜಿನ ಮೇಲಿಟ್ಟು ತಂತಿ ಬಿಚ್ಚಿದ. ಚಾಕುವಿನ ತುದಿಯಿಂದ ಪ್ಲಾಸ್ಟರನ್ನು ಹೋಳು ಹೋಳಾಗಿ ಎಬ್ಬಿಸಿದ. ಬುಗುರಿ ಒಂದೇ ಕಾಲುಚೀಲದಲ್ಲಿ ಕುರ್ಚಿ ಹತ್ತಿ ನಿಂತಳು. ಬಚ್ಚಲಿನಲ್ಲಿ ಹಲ್ಲಿನ ಸೆಟ್ಟು ತೊಳೆಯುತ್ತಿದ್ದ ಅತ್ತೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದರು.

ಒಳಗಿಂದ ಲೆನ್ಸು ಇಡಿಯಾಗಿ ಬಂತು. ಆಕಾರದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಒಳಗಿನ ಸಣ್ಣ ಸಣ್ಣ ಗೆರೆಗಳು, ತಿರುಪು ಕೂರುವ ತೂತುಗಳು, ಎಲ್ಲ ಅಚ್ಚುಕಟ್ಟು. ಬಣ್ಣ ಮಾತ್ರ ಒಸಡಿನದು. ಬರೀ ಬಣ್ಣವಲ್ಲ, ಅದರ ಮೈಯಲ್ಲೆಲ್ಲ ಕೂದಲೆಳೆಯಂಥ ಕೆಂಪು ನಾರುಗಳು.

"ಇದೇನ್ರೀ ಇದು, ದಾರ ದಾರ?"

"ರಕ್ತನಾಳ" ಎಂದ ಗಂಡ, ಯಾವ ಸಂಕೋಚವೂ ಇಲ್ಲದೆ. "ಅದು ಹಾಕದಿದ್ರೆ ಒಸಡು ಪ್ಲಾಸ್ಟಿಕ್ ಥರ ಕಾಣುತ್ತೆ."

"ಕಾರಿಗೆ ಯಾಕ್ರೀ ರಕ್ತನಾಳ?"

ಗಂಡ ಯೋಚಿಸಿದ. ಯೋಚಿಸಿದಷ್ಟೂ ಅವನ ಮುಖ ಸಣ್ಣದಾಯಿತು. "ಕೈ ತಾನಾಗೇ ಹಾಕ್ಬಿಡ್ತು ಕಣೇ."

ಅತ್ತೆ ತಮ್ಮ ಸೆಟ್ಟನ್ನು ಲೆನ್ಸಿನ ಪಕ್ಕಕ್ಕೆ ಹಿಡಿದು ನೋಡಿದರು. ಎರಡೂ ಒಡಹುಟ್ಟಿದವರಂತಿದ್ದವು. "ಲೋ, ಇದು ನನ್ನ ಒಸಡು ಕಣೋ! ಹೆತ್ತ ತಾಯಿ ಬಾಯನ್ನ ಕಾರಿನ ಹಿಂದಕ್ಕೆ ಅಂಟಿಸ್ತೀಯೇನೋ, ಅಲ್ಲಿ ಹೊಗೆ ಕುಡೀಲಿ ಅಂತ?"

"ಅಮ್ಮಾ, ಇದು ಕೆಂಪಲ್ವಾ? ಕೆಂಪೇ ತಾನೇ?" ಗಂಡ ಒಬ್ಬೊಬ್ಬರ ಮುಖವನ್ನೂ ನೋಡಿದ. ದಿನಬೆಳಗಾದರೆ ಒಸಡನ್ನೇ ಕೆಂಪೆಂದು ನೋಡಿದ ಕಣ್ಣಿಗೆ ಬೇರೆ ಕೆಂಪೊಂದಿದೆ ಎನ್ನುವುದೇ ಮರೆತುಹೋಗಿತ್ತು. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಕಿರಣವೂ ಆಚೆಗೆ ದಾಟಲಿಲ್ಲ.

ಆದರೂ ಆಸೆ ಬಿಡದೆ ಕೆಳಗಿಳಿದು ಹೋಗಿ ಕಾರಿಗೆ ಹಿಡಿದು ನೋಡಿದ. ಎದುರುಮನೆಯ ಪ್ಲಂಬರ್ ಸ್ಕೂಟರಿಗೆ ಪೈಪು ಕಟ್ಟುತ್ತಿದ್ದವನು ಕೆಲಸ ನಿಲ್ಲಿಸಿ ಹತ್ತಿರ ಬಂದ. "ಅಣ್ಣಾ, ಗಾಡಿ ಹಲ್ಲು ಕಿರೀತಾ ಇದೆಯಲ್ಲ! ಹಿಂದೆ ಬರೋರು ಇದನ್ನ ನೋಡಿ ಬ್ರೇಕ್ ಹಾಕಲ್ಲ, ಬ್ರಶ್ ತಗೋತಾರೆ."

ಬಾಲ್ಕನಿಯಲ್ಲಿ ನಿಂತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. ಕಂಬಿ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅತ್ತೆಯೂ ನಕ್ಕರು. ಅತ್ತೆಯ ನಗು ನಿಂತ ಮೇಲೂ ಅವಳದು ನಿಲ್ಲಲಿಲ್ಲ. ಸೋಮವಾರ ತಪ್ಪಿತು ಎಂದು ಅವಳ ಎದೆಯೊಳಗೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಮುಖ ಒರೆಸಿಕೊಂಡು ತಿರುಗಿದರೆ ಪಕ್ಕದಲ್ಲೇ ಬುಗುರಿ. ಸುತ್ತುತ್ತಿರಲಿಲ್ಲ. ನಿಂತು ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಆ ಹುಡುಗಿ ಪ್ರಶ್ನೆಗೆ ಹಿಂದೆಬಿದ್ದವಳಲ್ಲ. ಇರುವೆಗೆ ಮೊಣಕಾಲಿದೆಯಾ, ಅಜ್ಜಿ ಹಲ್ಲು ತೆಗೆದಿಟ್ಟು ಮಲಗಿದರೆ ಕನಸಲ್ಲಿ ಹೇಗೆ ಅಗಿಯುತ್ತಾಳೆ, ಹೀಗೆ ಒಂದರ ಬಾಲ ಹಿಡಿದು ಒಂದು. ಈಗಲೂ ಬಾಯಿ ತೆರೆದಳು. ಆದರೆ ಏನನ್ನೋ ತೂಗಿ ನೋಡಿದವಳಂತೆ ಮುಚ್ಚಿದಳು.

"ಏನೇ?" ಎಂದಳು ತಾಯಿ.

"ಏನಿಲ್ಲ."

"ಏನಿಲ್ಲಾಂದ್ರೆ ಕಾಲುಚೀಲ ಹುಡುಕು ಹೋಗು. ಸ್ಕೂಲಿಗೆ ಹೊತ್ತಾಯ್ತು."

ಆಲೂಗಡ್ಡೆ ಅಂದು ಪಾತ್ರೆಯಲ್ಲಿ ಬೆಂದಿತು. ಕುಕ್ಕರನ್ನು ಅವಳು ಗಂಡನಿಗೇ ಧಾರೆ ಎರೆದಳು. ಅದರ ಘಾಟು ತೊಳೆದರೆ ಹೋಗುವಂಥದ್ದಾಗಿರಲಿಲ್ಲ. ಗುಲಾಬಿ ಲೆನ್ಸು ಬಚ್ಚಲಿನಲ್ಲಿ ಅತ್ತೆಯ ಸೋಪು ಇಡುವ ತಟ್ಟೆಯಾಯಿತು.

ಗಂಡ ಇಷ್ಟಕ್ಕೆ ಕೈಬಿಡುವ ಪೈಕಿಯೇ? ಶನಿವಾರ ಅರ್ಧ ದಿನ ರಜೆ ಹಾಕಿ, ನೀರಿನಂತೆ ತಿಳಿಯಾದ, ಅಚ್ಚಿಗೆ ಸುರಿದರೆ ಗಟ್ಟಿಯಾಗುವ ಬೇರೆ ರೆಸಿನ್ ತಂದ. ಜೊತೆಗೆ ಚಿತ್ರದ ಸಾಮಾನಿನ ಅಂಗಡಿಯಿಂದ ಪುಟ್ಟ ಪುಟ್ಟ ಸೀಸೆಗಳಲ್ಲಿ ಬಣ್ಣ. ಈ ಸಲ ರಬ್ಬರಿನ ಅಚ್ಚು. ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಕಾಗದ ಹಾಸಿ, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಹಾಕಿಕೊಂಡು, ಕಿಟಕಿ ಪೂರ್ತಿ ತೆಗೆದು ಕೂತ. ಮೊದಲ ಸೀಸೆ ಎತ್ತಿದವನೇ ಹಾಗೇ ಕೆಳಗಿಟ್ಟ.

"ಬಾರೇ ಇಲ್ಲಿ. ನನ್ನ ಕಣ್ಣನ್ನ ನಾನೇ ನಂಬಲ್ಲ. ಬಣ್ಣ ನೀನು ನೋಡಿ ಹೇಳು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಾನ್ಯಾಕೆ? ಅತ್ತೇನ ಕೇಳಿ."

"ನನ್ನ ಕಣ್ಣಲ್ಲಿ ಪೊರೆ ಬಂದಿದೆ ತಾಯಿ" ಎಂದರು ಅತ್ತೆ, ಕೂತಲ್ಲಿಂದಲೇ. "ನಂಗೆ ನೀನೂ ಸ್ವಲ್ಪ ಮಂಜಾಗೇ ಕಾಣ್ತೀಯ. ಬಟ್ಟೆ ಬಣ್ಣ ಜೋಡ್ಸೋಳು ನೀನು, ನೀನೇ ನೋಡು."

ಅದು ಸುಳ್ಳಲ್ಲ. ಬಿಸಿಲಿಗೆ ಮಾಸಿದ ಹಳೆ ಕರ್ಟನ್ನಿನ ಪಕ್ಕಕ್ಕೆ ಹೊಸ ಬಟ್ಟೆ ಹೊಂದಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅಂಗಡಿಯಾಕೆ ಅವಳಿಗೆ ಕೆಲಸ ಕೊಡಬೇಕೆಂದು ಹೊರಟದ್ದೂ ಆ ಕಣ್ಣಿಗಾಗಿಯೇ.

ಗಂಡ ರೆಸಿನ್ನಿಗೆ ಕೆಂಪು ಹನಿ ಬಿಟ್ಟು ಕಡ್ಡಿಯಿಂದ ಕಲಕಿದ. ಇನ್ನೊಂದು ಹನಿ. ಮತ್ತೊಂದು. "ಸಾಕಾ?"

ಅವಳು ಬಲಗಡೆಯ ಹಳೆ ಲೆನ್ಸನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಲೋಟದಲ್ಲಿದ್ದ ಕೆಂಪು ತೆಳುವಾಗಿತ್ತು. ಒಣಗಿದರೆ ಮಕ್ಕಳ ಶರಬತ್ತಿನ ಹಾಗೆ ಕಾಣುವುದು ಖಂಡಿತ. ಅವಳು ಹೂಂ ಎಂದರೆ ಸಾಕಿತ್ತು. ಲೆನ್ಸು ಹಾಳು, ರೆಸಿನ್ ಖಾಲಿ, ಭಾನುವಾರ ಅಂಗಡಿ ಮುಚ್ಚಿರುತ್ತದೆ, ಸೋಮವಾರ ತಾನಾಗಿ ದಾಟಿಹೋಗುತ್ತದೆ. ಹಾವೂ ಸಾಯದು, ಕೋಲೂ ಮುರಿಯದು. ಯಾರ ಮೇಲೂ ತಪ್ಪಿಲ್ಲ.

"ಹೂಂ" ಎಂದಳು.

ಗಂಡ ಲೋಟ ಎತ್ತಿ ಅಚ್ಚಿನ ಮೇಲೆ ಬಗ್ಗಿಸಿದ. ಬುಗುರಿ ಕಟ್ಟೆಯ ಅಂಚಿಗೆ ಗಲ್ಲ ಒರಗಿಸಿ ನಿಂತಿದ್ದವಳು ಲೋಟವನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು.

ಸುಳ್ಳು ಹೇಳಲು ಬಾಯಿ ಒಪ್ಪಿತ್ತು, ಕಣ್ಣು ಒಪ್ಪಲಿಲ್ಲ. ಕಾರಿನ ಬಲಗಡೆ ಒಂದು ಕೆಂಪು, ಎಡಗಡೆ ಇನ್ನೊಂದು ಕೆಂಪು, ಜೀವಮಾನವಿಡೀ ಬೀದಿಯಲ್ಲಿ ಹಾಗೇ ಓಡಾಡುವ ಆ ಚಿತ್ರ ಕಣ್ಣಿಗೆ ಕಟ್ಟಿದ್ದೇ ತಡ, ಹಲ್ಲಿಗೆ ಮರಳು ಸಿಕ್ಕಂತಾಯಿತು.

"ನಿಲ್ಲಿ ನಿಲ್ಲಿ ನಿಲ್ಲಿ! ಏನ್ ಹಾಗೆ ಸುರೀತೀರ?" ಎಂದು ಕೈ ಹಿಡಿದಳು. "ಲೋಟದಲ್ಲಿ ನೋಡಿದ್ರೆ ಗೊತ್ತಾಗಲ್ಲ. ಬಟ್ಟೇನ ಮಡಚಿ ನೋಡೋದೇ ಬೇರೆ, ಒಂದು ಪದರ ಬಿಡಿಸಿ ನೋಡೋದೇ ಬೇರೆ. ಆ ಲೆನ್ಸು ಎಷ್ಟು ದಪ್ಪ ಇದೆಯೋ ಅಷ್ಟೇ ದಪ್ಪಕ್ಕೆ ಒಂದು ಮುಚ್ಚಳದಲ್ಲಿ ಹಾಕಿ, ಬೆಳಕಿಗೆ ಹಿಡೀರಿ. ನೋಡಿ, ಇದು ಕೆಂಪಾ? ಇನ್ನೂ ಹಾಕಿ. ಹಾಂ. ಇನ್ನೊಂದು. ಈಗ ಆ ಹಳದಿ ಒಂದು ಚೂರು."

"ಕೆಂಪು ಲೈಟಿಗೆ ಹಳದಿ ಯಾಕೆ?"

"ಆ ಕಡೇದು ಇಷ್ಟು ವರ್ಷ ಬಿಸಿಲು ತಿಂದಿಲ್ವಾ? ಹೊಸ ಕೆಂಪು ಪಕ್ಕದಲ್ಲಿಟ್ರೆ ಎದ್ದು ಕಾಣುತ್ತೆ. ಕಡ್ಡೀಲಿ ಮುಟ್ಟಿಸಿ ಸಾಕು. ಅಯ್ಯೋ, ಅಷ್ಟಲ್ಲ! ಕೊಡಿ ಇಲ್ಲಿ."

ಕಡೆಗೆ ಬೆರೆಸಿದವಳೂ ಅವಳೇ, ಸುರಿದವಳೂ ಅವಳೇ. ಕೈ ಒರೆಸಿಕೊಳ್ಳುವಾಗ ಏನು ಮಾಡಿಬಿಟ್ಟೆ ಎಂದು ಅರಿವಾಯಿತು. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡದ್ದಷ್ಟೇ ಅಲ್ಲ, ಕೊಡಲಿಗೆ ಸಾಣೆಯನ್ನೂ ಹಿಡಿದಿದ್ದಳು.

"ನೋಡಿದ್ಯಾ ಅಮ್ಮ?" ಎಂದ ಗಂಡ ತಾಯಿಗೆ, ಮಾಸ್ಕಿನೊಳಗಿಂದ. "ಇವಳಿಗೆ ಸೋಮವಾರದ ಮೇಲೆ ಎಷ್ಟು ಹಂಬಲ!"

"ನನ್ನ ಸೊಸೆ ಅಂದ್ರೆ ಏನಂದ್ಕೊಂಡೆ?" ಎಂದರು ಅತ್ತೆ.

ಬುಗುರಿ ತಾಯಿಯ ಸೆರಗು ಹಿಡಿದು ಜಗ್ಗಿದಳು. "ಅಮ್ಮಾ, ಒಂದ್ ಕೇಳ್ಲಾ?"

"ಇರುವೆ ಮೊಣಕಾಲಿನ ವಿಷಯ ಆದ್ರೆ ಆಮೇಲೆ."

"ಇರುವೇದಲ್ಲ."

ತಾಯಿ ಮಗಳ ಕಣ್ಣು ನೋಡಿದಳು. ಅಲ್ಲಿ ಪ್ರಶ್ನೆ ಉಡುಗೆ ತೊಟ್ಟು, ಚಪ್ಪಲಿ ಮೆಟ್ಟಿ, ಹೊಸಿಲಲ್ಲಿ ನಿಂತಿತ್ತು. ಅವಳಿಗೆ ಜಿರಲೆಗಿಂತ, ಮನೆ ಯಜಮಾನನಿಗಿಂತ ಆ ಕಣ್ಣಿನ ಭಯ ಹೆಚ್ಚಾಯಿತು. "ಮೊದ್ಲು ಕೈ ತೊಳ್ಕೊ ಹೋಗು, ರೆಸಿನ್ ಮುಟ್ಟಿದ್ದೀಯೇನೋ" ಎಂದಳು. ಹುಡುಗಿ ಮುಟ್ಟಿರಲಿಲ್ಲ. ಆದರೂ ಹೋಗಿ ತೊಳೆದುಕೊಂಡಳು. ತಾಯಿಗೆ ಅದು ಇನ್ನಷ್ಟು ಚುಚ್ಚಿತು.

ಭಾನುವಾರವೆಲ್ಲ ಉಜ್ಜುವ ಕೆಲಸ. ಗಂಡ ಮರಳು ಕಾಗದದಿಂದ ಶುರುಮಾಡಿ, ಲ್ಯಾಬಿನ ಪುಡಿಗೆ ಬಂದು, ಕಡೆಯಲ್ಲಿ ಟೂತ್ ಪೇಸ್ಟಿಗೆ ಇಳಿದ. ಬಟ್ಟೆಗೆ ಪೇಸ್ಟು ಹಚ್ಚಿ, ಸುತ್ತಿ ಸುತ್ತಿ, ಬಾಯಲ್ಲಿ ಗುನುಗುತ್ತಾ ಉಜ್ಜಿದ. ಮನೆಯವರ ಪೇಸ್ಟು ಮುಗಿದ ಮೇಲೆ ಅತ್ತೆಯ ಸೆಟ್ಟು ತೊಳೆಯುವ ಪುಡಿಗೂ ಕೈ ಹಾಕಿದ.

"ಲೋ, ನನ್ನ ಹಲ್ಲಿಗೆ ಒಂದು ದಿನ ಇಷ್ಟು ಉಪಚಾರ ಮಾಡಿದ್ಯೇನೋ? ಎದುರುಮನೆಯವನು ನಕ್ಕಿದ್ದಕ್ಕೆ ಕಾರಿಗೆ ಹಲ್ಲುಜ್ಜುತಾ ಕೂತಿದ್ದಾನೆ ನೋಡು!"

"ಅಮ್ಮಾ, ನಿನ್ನ ಹಲ್ಲನ್ನ ಪೊಲೀಸರು ನಿಲ್ಲಿಸಿ ನೋಡಲ್ಲ."

ಸೋಮವಾರ ಬೆಳಿಗ್ಗೆ, ಮೋಡ ಕವಿದ ಮಬ್ಬಿನಲ್ಲಿ, ಕಾರಿಗೆ ಲೆನ್ಸು ಕೂರಿಸಿದರು. ಪ್ಲಂಬರ್ ತಾನಾಗೇ ಬಂದು, ನೀರು ಒಳಗೆ ಹೋಗದ ಹಾಗೆ ಅಂಚಿಗೆ ಅಂಟು ಹಚ್ಚಿಕೊಟ್ಟ. "ಸಿಂಕಿಗೆ ಹಾಕೋದೇ ಇದು ಅಕ್ಕಾ. ಹಳೇ ಗಾಡಿ ಬಿದ್ದುಹೋದ್ರೂ ಈ ಲೈಟು ಬೀಳಲ್ಲ" ಎಂದ. ತಿರುಪು ಬಿಗಿದು, ಮೇಲೊಂದು ಸಲ ಬಟ್ಟೆಯಲ್ಲಿ ಒರೆಸಿ, ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ಎಡ, ಬಲದಲ್ಲಿ ಯಾವುದು ಹೊಸತು, ಯಾವುದು ಹಳತು ಎಂದು ಮಾಡಿದವನಿಗೂ ಗೊತ್ತಾಗುವಂತಿರಲಿಲ್ಲ. ಅವಳಿಗೂ ಒಂದು ಗಳಿಗೆ ಹೆಮ್ಮೆ ಉಕ್ಕಿಬಂತು. ಒಂದೇ ಗಳಿಗೆ. ಇನ್ನು ಹೇಳಿಕೊಳ್ಳಲು ಯಾವ ನೆವವೂ ಉಳಿದಿರಲಿಲ್ಲ. ಸೀಟು ಎತ್ತರ, ಕನ್ನಡಿ ಬಿಗಿ, ಕ್ಲಚ್ಚು ಬೆಣ್ಣೆ, ದೀಪ ಕೆಂಪು.

"ಹತ್ತು ಒಳಗೆ" ಎಂದ ಗಂಡ, ಮದುವೆ ಮನೆಯ ಉತ್ಸಾಹದಲ್ಲಿ. "ಹೊರಡೋಕೆ ಮುಂಚೆ ಒಂದ್ಸಲ ಬ್ರೇಕ್ ಒತ್ತು, ಉರಿಯುತ್ತಾ ನೋಡೋಣ."

ಅವಳು ಡ್ರೈವರ್ ಸೀಟಿನಲ್ಲಿ ಕೂತಳು. ಸ್ಕೂಲಿಗೆ ದಾರಿಯಲ್ಲೇ ಇಳಿಯಬೇಕಾದ ಬುಗುರಿ ಚೀಲ ತಬ್ಬಿಕೊಂಡು ಹಿಂದಿನ ಸೀಟು ಸೇರಿದಳು. ಗಂಡ, ಅತ್ತೆ, ಪ್ಲಂಬರ್ ಮೂವರೂ ಕಾರಿನ ಹಿಂದೆ ಸಾಲಾಗಿ ನಿಂತರು.

"ಒತ್ತು!"

ಒತ್ತಿದಳು.

"ಹತ್ತಿತು! ಹತ್ತಿತು ಕಣೇ!" ಗಂಡನ ದನಿ ಒಡೆಯಿತು. ಅತ್ತೆ ಕೈ ತಟ್ಟಿದರು. ಪ್ಲಂಬರ್ ಸಿಳ್ಳೆ ಹೊಡೆದ. ಕನ್ನಡಿಯಲ್ಲಿ ಮೂವರ ಮುಖವೂ ಕೆಂಪಗೆ ಹೊಳೆಯುವುದು ಅವಳಿಗೆ ಕಂಡಿತು.

ಆಮೇಲೆ ಗಂಡನ ಹುಬ್ಬು ಗಂಟಾಯಿತು. "ಇರು, ಇದೇನಿದು... ಮಿಣಮಿಣ ಅಂತಿದೆಯಲ್ಲ. ಗಟ್ಟಿಯಾಗಿ ಒತ್ತು!"

ಅವಳು ಗಟ್ಟಿಯಾಗಿಯೇ ಒತ್ತಲು ನೋಡಿದಳು. ಆದರೆ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ತೊಡೆಯಿಂದ ಹೊರಟ ನಡುಕ ಮೊಣಕಾಲಿಗಿಳಿದು, ಪಾದಕ್ಕಿಳಿದು, ಪೆಡಲನ್ನು ಹೊಲಿಗೆ ಮಿಷನ್ನಿನಂತೆ ತುಳಿಯುತ್ತಿತ್ತು.

"ಲೂಸ್ ಕನೆಕ್ಷನ್" ಎಂದ ಗಂಡ ಹೊರಗೆ.

"ಎರಡೂ ಕಡೆ ಒಟ್ಟಿಗೇ ಮಿಣಮಿಣ ಅಂತಿದೆ ಅಣ್ಣಾ" ಎಂದ ಪ್ಲಂಬರ್. "ವೈರಲ್ಲ ಇದು. ಬ್ರೇಕಿನ ಸ್ವಿಚ್ಚೇ ಹೋಗಿರಬೇಕು."

"ನನ್ನ ಪುಡಿ ಒಳಗೆ ಹೋಗಿ ಸೇರ್ಕೊಂಡಿದೆ, ಅದಕ್ಕೇ" ಎಂದರು ಅತ್ತೆ.

ಗಂಡ ಕಿಟಕಿಯ ಹತ್ತಿರ ಬಗ್ಗಿದ. ಹಣೆಯಲ್ಲಿ ಪೇಸ್ಟಿನ ಗೆರೆ ಇನ್ನೂ ಒಣಗಿ ಅಂಟಿಕೊಂಡಿತ್ತು. "ಹೆದರ್ಬೇಡ, ಸ್ವಿಚ್ಚಷ್ಟೇ. ಆದ್ರೆ ಹೀಗೆ ಮಿಣಮಿಣ ಅನ್ನೋ ಲೈಟ್ ಇಟ್ಕೊಂಡು ಅಲ್ಲಿಗೆ ಹೋದ್ರೆ ಗೇಟಲ್ಲೇ ನಿಲ್ಲಿಸ್ತಾರೆ. ಇವತ್ತು ಬಿಟ್ಟುಬಿಡೋಣ, ಎಲ್ಲಾ ಬಿಚ್ಚಿ ನೋಡ್ತೀನಿ. ಅಂಗಡಿಯವರ ಹತ್ರ ನಾನೇ ಮಾತಾಡ್ತೀನಿ, ಆಯ್ತಾ? ಸ್ಕ್ರೂಡ್ರೈವರ್ ತರ್ತೀನಿ ಇರು." ಹೇಳಿದವನು ಮನೆಯ ಮೆಟ್ಟಿಲ ಕಡೆ ತಿರುಗಿದ.

ಈ ಸಲ ಅವಳು ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ನೆವವನ್ನು ಗಂಡನೇ ತಟ್ಟೆಯಲ್ಲಿಟ್ಟು ಕಿಟಕಿಯವರೆಗೆ ತಂದುಕೊಟ್ಟಿದ್ದ. ಸುಮ್ಮನಿದ್ದರೆ ಸಾಕು. ಅವನು ಸ್ವಿಚ್ಚು ಬಿಚ್ಚುತ್ತಾನೆ, ಅದರಲ್ಲಿ ಏನೂ ತಪ್ಪು ಸಿಗದೆ ಊಟ ಬಿಡುತ್ತಾನೆ, ವೈರೆಲ್ಲ ಎಳೆದು ನೋಡುತ್ತಾನೆ. ಕಿಟಕಿಗಳ ಅಳತೆಗೆ ಇನ್ಯಾರೋ ಹೋಗುತ್ತಾರೆ. ತಾನು ಮಿಷನ್ನಿನ ಮುಂದೆ ಕೂತು ಕಂಡವರ ಅಳತೆಗೆ ಬಟ್ಟೆ ಹೊಲಿಯುತ್ತಿರುತ್ತಾಳೆ.

ಕಾಲು ಪೆಡಲಿನ ಮೇಲೆಯೇ ಇತ್ತು, ನಡುಗುತ್ತಲೇ ಇತ್ತು.

ಹಿಂದಿನಿಂದ ಚೀಲ 'ಧೊಪ್ಪ'ನೆ ಕೆಳಗೆ ಬಿದ್ದ ಸದ್ದು. ಎರಡು ಸೀಟುಗಳ ನಡುವಿಂದ ಬುಗುರಿಯ ತಲೆ ಮುಂದಕ್ಕೆ ಬಂತು. ಅವಳು ಬಗ್ಗಿ ತಾಯಿಯ ಕಾಲನ್ನು ನೋಡಿದಳು. ಹಿಂದಿನ ಗಾಜಿನಲ್ಲಿ ಅಜ್ಜಿಯ ಕೆಂಪು ಮುಖ ಹತ್ತಿ ಆರಿ, ಹತ್ತಿ ಆರಿ ಆಗುವುದನ್ನು ನೋಡಿದಳು. ಮತ್ತೆ ಕಾಲನ್ನು ನೋಡಿದಳು. ಆಮೇಲೆ ತನ್ನ ಪುಟ್ಟ ಅಂಗೈಯನ್ನು ತಾಯಿಯ ಭುಜದ ಮೇಲಿಟ್ಟು, ಮೆಟ್ಟಿಲು ಹತ್ತುತ್ತಿದ್ದ ಅಪ್ಪನ ಬೆನ್ನನ್ನೇ ನೋಡುತ್ತಾ, ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದುದನ್ನು ಕೇಳಿದಳು:

"ಅಮ್ಮಾ, ನಿಂಗೆ ಭಯ ಆಗುತ್ತೆ ಅಂತ ಅಪ್ಪಂಗೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?"